ಖಾಲಿ ಸೀಟಿನ ಸಮಾಚಾರ

ದೊಡ್ಡ ಕಂಪನಿಯೊಂದು ಅರ್ಜಿ ಕರೆಯಿತು ಎಂದರೆ ಮೊದಲು ಕೆಲಸ ಸಿಗುವುದು ನನಗೆ. ಬಂಗಾರಪೇಟೆ ರೈಲ್ವೆ ಸ್ಟೇಷನ್‌ಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ‘ಆನ್‌ಲೈನ್ ಅರ್ಜಿ ಹಾಕಿಕೊಡಲಾಗುವುದು’ ಎಂದು ಬೋರ್ಡು ಬರೆಸಿದ ಮೇಲೆ ಅದು ಅರ್ಧ ಅಂಗಡಿ, ಅರ್ಧ ಉದ್ಯೋಗ ಕಚೇರಿ, ಸಂಜೆಯಾದರೆ ಪೂರ್ತಿ ಹರಟೆ ಕಟ್ಟೆ. ಹುದ್ದೆ ಒಂದಿರಲಿ ನೂರಿರಲಿ, ಆಧಾರ್ ಎರಡು ಕಾಪಿ, ಮಾರ್ಕ್ಸ್ ಕಾರ್ಡ್ ಎರಡು ಕಾಪಿ, ಜಾತಿ–ಆದಾಯ ಸರ್ಟಿಫಿಕೇಟು ಎರಡು ಕಾಪಿ. ಕೆಲಸ ಸಿಕ್ಕವನೂ ದುಡ್ಡು ಕೊಡುತ್ತಾನೆ, ಸಿಗದವನೂ ಕೊಡುತ್ತಾನೆ. ಸಿಗದವನು ಮುಂದಿನ ಸಲ ಮತ್ತೆ ಬರುತ್ತಾನಾದ್ದರಿಂದ ವ್ಯಾಪಾರದ ಲೆಕ್ಕದಲ್ಲಿ ಅವನೇ ನನಗೆ ಹೆಚ್ಚು ಬೇಕಾದವನು. ಹೀಗೆಲ್ಲ ಹೇಳಿದರೆ ಪಾಪ ತಟ್ಟುತ್ತದೆ ಎನ್ನುತ್ತಾಳೆ ನನ್ನ ಹೆಂಡತಿ. ಅದಕ್ಕೇ ಅವಳ ಮುಂದೆ ಹೇಳುವುದಿಲ್ಲ.

ಅರ್ಜಿ ಎಂದರೆ ಹಿಂದೆ ಬರೆಯುವ ಕೆಲಸ, ಈಗ ಕುಗ್ಗಿಸುವ ಕೆಲಸ. ಫೋಟೋ 50 ಕೆಬಿ ಮೀರಬಾರದು, ಸಹಿ 20 ಕೆಬಿ ಮೀರಬಾರದು. ಆರಡಿ ಎತ್ತರದ ಹುಡುಗನನ್ನು 50 ಕೆಬಿಗೆ ಇಳಿಸುವಷ್ಟರಲ್ಲಿ ಅವನ ಮೀಸೆ ಹೋಗಿರುತ್ತದೆ. ಮೊನ್ನೆ ಬೂದಿಕೋಟೆ ಕಡೆಯ ಐಟಿಐ ಹುಡುಗನೊಬ್ಬ ಬಂದ. ಫಿಟ್ಟರ್ ಟ್ರೇಡು, ಒಳ್ಳೇ ಮಾರ್ಕ್ಸು. ಎಲ್ಲ ತುಂಬಿ ಕೊನೆಯ ಬಟನ್ ಒತ್ತಿದರೆ ಒಟಿಪಿ ಕೇಳಿತು. ಒಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿ. ಅಪ್ಪ ಕೋಲಾರದ ಎಪಿಎಂಸಿಯಲ್ಲಿ, ಟೊಮೆಟೊ ಹರಾಜಿನ ನಡುವೆ. ಹುಡುಗ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಆ ಕಡೆಯಿಂದ ಸಂಖ್ಯೆಗಳ ಸುರಿಮಳೆ. ಅದರಲ್ಲಿ ಒಟಿಪಿ ಯಾವುದು, ಪಕ್ಕದ ಮಂಡಿಯಲ್ಲಿ ಕೂಗಿದ ಬಾಕ್ಸಿನ ರೇಟು ಯಾವುದು ತಿಳಿಯಲಿಲ್ಲ. ಸಿಕ್ಕಿದ್ದನ್ನು ಹೊಡೆದೆ. ‘ಇನ್‌ವ್ಯಾಲಿಡ್’ ಎಂದಿತು. ಇನ್ನೊಮ್ಮೆ ಕೇಳೋಣವೆಂದರೆ ಅಪ್ಪನಿಗೆ ಸಿಟ್ಟು: “ಇಲ್ಲಿ ನನ್ನ ಬಾಕ್ಸು ಹೋಗ್ತಾ ಐತೆ, ನಿನ್ನ ಕೆಲಸ ಆಮೇಲೆ ನೋಡೋಣ!” ಮಗನ ಭವಿಷ್ಯಕ್ಕಿಂತ ಆವತ್ತಿನ ರೇಟು ಗಟ್ಟಿಯಾಗಿತ್ತು. ತಪ್ಪೇನೂ ಇಲ್ಲ, ಟೊಮೆಟೊಗೆ ರೇಟು ಬರುವುದು ಕೆಜಿಎಫ್‌ನ ದೊಡ್ಡ ಕಾರ್ಖಾನೆ ಬೆಮೆಲ್‌ನಲ್ಲಿ ಅರ್ಜಿ ಕರೆಯುವುದಕ್ಕಿಂತ ಅಪರೂಪ.

ಬೂದಿಕೋಟೆಯಲ್ಲಿ ಹುಟ್ಟಿ, ದೊಡ್ಡ ಕಡೆ ಸಣ್ಣ ಕೆಲಸಕ್ಕೆ ಸೇರಿ, ಕೊನೆಗೆ ಮ್ಯಾನೇಜ್‌ಮೆಂಟನ್ನೇ ಕೈಗೆ ತೆಗೆದುಕೊಂಡವನು ನನಗೆ ಗೊತ್ತಿರುವಂತೆ ಒಬ್ಬನೇ, ಹೈದರಾಲಿ. ಅವನಿಗೆ ಓದು ಬರಹ ಬರುತ್ತಿರಲಿಲ್ಲವಂತೆ. ಈಗಾಗಿದ್ದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳಿ ಸೆಕ್ಯೂರಿಟಿಯವನೇ ಶ್ರೀರಂಗಪಟ್ಟಣದ ಗೇಟಿನಿಂದ ವಾಪಸ್ ಕಳಿಸುತ್ತಿದ್ದ.

ಅಂಗಡಿಯ ಬೆಂಚಿನ ಮೇಲೆ ಒಂದು ಜಾಗ ಚಿಕ್ಕಪ್ಪನಿಗೆ ಪರ್ಮನೆಂಟು. ಅವರು ಕೆಜಿಎಫ್‌ನಲ್ಲಿ ಚಿನ್ನದ ಗಣಿ ಕಂಪನಿ ಬಿಜಿಎಂಎಲ್‌ಗೆ ದುಡಿದವರು, ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ಬಂದವರು. ಮೂರು ಕಿಲೋಮೀಟರಿಗೂ ಆಳ ಹೋದ ಗಣಿ ಅದು. ಹಾಗಾಗಿ ನೆಲದ ಮೇಲಿನ ಯಾವ ಕೆಲಸವೂ ಅವರ ಕಣ್ಣಿಗೆ ಕೆಲಸವೇ ಅಲ್ಲ. ಯಾರು ಯಾವ ಅರ್ಜಿ ತುಂಬಿಸುತ್ತಿದ್ದರೂ ಕತ್ತು ಚಾಚಿ ನೋಡಿ, “ಎಷ್ಟು ಅಡಿ ಕೆಳಗೆ?” ಎಂದು ಕೇಳುತ್ತಾರೆ. ಬ್ಯಾಂಕ್ ಕ್ಲರ್ಕ್ ಅರ್ಜಿಗೂ ಅದೇ ಪ್ರಶ್ನೆ.

“ನಮ್ಮ ಕಾಲದಲ್ಲಿ ಪೇಪರ್ ನೋಡಿ ಕೆಲಸ ಹುಡುಕಿದವನು ಯಾವನಿದ್ದ?” ಎಂಬುದು ಅವರ ಪಲ್ಲವಿ. “ಅಪ್ಪ ಶಾಫ್ಟ್ ಇಳೀತಿದ್ದ, ಮಗ ಮೇಲೆ ಕಾಯ್ತಿದ್ದ. ಅಷ್ಟೇ ಅಪ್ಲಿಕೇಷನ್ನು.”

ಇದರಲ್ಲಿ ಸುಳ್ಳು ಕಡಿಮೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಕೆಜಿಎಫ್‌ಗೆ ಕಾಲಿಟ್ಟಾಗ ಕೆಲಸ ಖಾಲಿ ಇರುವ ಸುದ್ದಿ ಯಾವ ಜಾಹೀರಾತೂ ಇಲ್ಲದೆ ಕಾರ್ನ್‌ವಾಲ್‌ವರೆಗೆ ಹೋಗಿತ್ತಂತೆ. ಅಲ್ಲಿನ ಗಣಿಗಾರರು ಹಡಗು ಹತ್ತಿ ಬಂದರು, ಇಟಲಿಯವರು ಬಂದರು, ಆರ್ಕಾಟು, ಚಿತ್ತೂರಿನ ಕಡೆಯಿಂದ ಕೂಲಿಯವರು ಸಂಸಾರ ಸಮೇತ ಬಂದರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲೂ ಬಂತು. ಆಗ ನಮ್ಮೂರು ಬೌರಿಂಗ್‌ಪೇಟೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಈ ಮೂರು ವರ್ಷದ ವಿಷಯ ಚಿಕ್ಕಪ್ಪ ಈವತ್ತಿಗೂ ಬಿಟ್ಟಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೊರಟ ಹುಡುಗರನ್ನು ಕಂಡರೆ, “ನಾವು ದೀಪ ಹಾಕಿದಾಗ ಅಲ್ಲಿ ಕತ್ತಲೆ ಇತ್ತು, ಹೋಗಿ ಹೇಳು” ಎನ್ನುತ್ತಾರೆ. ಯಾರಿಗೆ ಹೇಳಬೇಕೋ ಆ ಹುಡುಗರಿಗೆ ಗೊತ್ತಾಗುವುದಿಲ್ಲ.

ಕಾಯುವುದರಲ್ಲಿ ಮಾತ್ರ ಕೆಜಿಎಫ್ ಇಡೀ ಲೋಕಕ್ಕೆ ಪಾಠ ಹೇಳಬಲ್ಲ ಊರು. 1965ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಗಣಿಯ ಆಳದಲ್ಲಿ ಯಂತ್ರ ಇಟ್ಟುಕೊಂಡು ಕೂತರು. ಬಂಗಾರಕ್ಕಲ್ಲ, ನ್ಯೂಟ್ರಿನೋ ಎಂಬ ಕಣಕ್ಕೆ. ಅದು ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ, ಬಂದರೂ ಮೈಗೆ ತಾಗದೆ ಹೋಗಿಬಿಡುತ್ತದೆ. ಆದರೂ ಅವರು ಕಾದರು, ಅದರ ಜಾಡೂ ಸಿಕ್ಕಿತು. ಕಾಲ್ ಲೆಟರ್ ಬರಲಿಲ್ಲ ಎಂದು ಮುಖ ಬಾಡಿಸಿಕೊಂಡು ಬರುವ ಹುಡುಗರಿಗೆ ನಾನು ಈ ಕಥೆ ಹೇಳುವುದುಂಟು. ಅವರು ಕೇಳಿಸಿಕೊಂಡು, “ಅಣ್ಣಾ, ಆ ಸೈಂಟಿಸ್ಟುಗಳಿಗೆ ಕಾಯೋದಕ್ಕೂ ಸಂಬಳ ಇತ್ತಲ್ವಾ?” ಎನ್ನುತ್ತಾರೆ. ಬುದ್ಧಿವಂತರು. ಇಂಥವರಿಗೆ ಕೆಲಸ ಸಿಗದಿರುವುದು ಕಂಪನಿಗಳ ನಷ್ಟ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದರ ಬಗ್ಗೆ ತಮಾಷೆ ಮಾಡುವ ಧೈರ್ಯ ಚಿಕ್ಕಪ್ಪನಿಗಿದೆ, ನನಗಿಲ್ಲ. ಉಳಿದ ದೊಡ್ಡ ಗೇಟು ಬೆಮೆಲ್‌ನದು. 1964ರಲ್ಲಿ ಹುಟ್ಟಿದ ಕಂಪನಿ. ಬುಲ್ಡೋಜರು, ಎಕ್ಸ್‌ಕವೇಟರು ಮಾಡುತ್ತದೆ. ನೆಲ ಅಗೆಯುವುದು ನಿಂತ ಊರಿನಲ್ಲಿ ಅಗೆಯುವ ಯಂತ್ರ ತಯಾರಾಗುತ್ತದೆ. ಅಲ್ಲಿನ ಕೆಲಸ ಸಿಕ್ಕಿತೆಂದರೆ ಹುಡುಗನ ಜಾತಕ ಯಾರೂ ಕೇಳುವುದಿಲ್ಲ. ಆದರೆ ಅರ್ಜಿ ಕರೆಯುವ ಮೊದಲೇ ‘ಕರೀತಾರಂತೆ’ ಶುರುವಾಗುತ್ತದೆ. ಕ್ಷೌರದಂಗಡಿಯಲ್ಲಿ ಇನ್ನೂರು ಪೋಸ್ಟು, ನಮ್ಮ ಬೆಂಚಿನ ಹತ್ತಿರ ಬರುವಾಗ ಐನೂರು, ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಸಾವಿರ. ಕೊನೆಗೆ ಜಾಹೀರಾತು ಬಂದರೆ ನಾಲ್ಕು ಡೆಪ್ಯುಟಿ ಮ್ಯಾನೇಜರು, ಅನುಭವ ಐದು ವರ್ಷ.

ಸರ್ಕಾರ ಸುಮ್ಮನೆ ಕೂತಿಲ್ಲ ನೋಡಿ. 1959ರಲ್ಲೇ ಒಂದು ಕಾಯ್ದೆ ತಂದು, 25 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಯೂ ಸೇರಿದಂತೆ ದೊಡ್ಡವರೆಲ್ಲ ಖಾಲಿ ಹುದ್ದೆಯ ವಿವರವನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು ಎಂದಿತು. ಬಹಳ ಕಟ್ಟುನಿಟ್ಟು. ಅದೇ ಕಾಯ್ದೆಯ ನಾಲ್ಕನೇ ಕಲಮಿನಲ್ಲಿ, ಹಾಗೆ ತಿಳಿಸಿದ ಮಾತ್ರಕ್ಕೆ ಆ ಕೇಂದ್ರದ ಮೂಲಕವೇ ಜನರನ್ನು ತೆಗೆದುಕೊಳ್ಳಬೇಕು ಎಂದೇನೂ ಇಲ್ಲ ಎಂದೂ ಬರೆದರು. ಊಟ ಆಗಿದೆ ಎಂದು ತಿಳಿಸಬೇಕು, ಬಡಿಸಬೇಕಾಗಿಲ್ಲ. ನನ್ನ ಹೆಸರೂ ಆ ಕೇಂದ್ರದಲ್ಲಿ ಇತ್ತು. ತಪ್ಪದೆ ರಿನ್ಯೂವಲ್ ಮಾಡಿಸುತ್ತಿದ್ದೆ. ಅಲ್ಲಿಂದ ನನಗೆ ಬಂದ ಒಂದೇ ಲಾಭವೆಂದರೆ, ಕಾರ್ಡಿನ ಜೆರಾಕ್ಸಿಗೆ ಅಲೆದು ಅಲೆದು, ಹತ್ತಿರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇದ್ದರೆ ಒಳ್ಳೇ ವ್ಯಾಪಾರ ಎಂದು ಹೊಳೆದದ್ದು.

ಸ್ಥಳೀಯರಿಗೆ ಮೊದಲು ಕೊಡಬೇಕು ಎಂಬ ಮಾತೂ ಹಳೆಯದೇ. ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ ವರದಿ ಕೊಟ್ಟು, ಕೇಂದ್ರದ ಉದ್ದಿಮೆಗಳಲ್ಲಿ ‘ಸಿ’ ಮತ್ತು ‘ಡಿ’ ಗುಂಪಿನ ಹುದ್ದೆ ಪೂರ್ತಿ ಕನ್ನಡಿಗರಿಗೆ ಎಂದು ಶಿಫಾರಸು ಮಾಡಿತು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿಯವರಿಗೂ ಅನ್ವಯಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು: ಆಡಳಿತದ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70. ಅಂಗಡಿಯಲ್ಲಿ ಒಂದು ದಿನ ಹಬ್ಬ. ಅದೇ ವಾರ ತಡೆಹಿಡಿದರು. ಒಪ್ಪಿಗೆಯ ಸುದ್ದಿಯನ್ನು ಲ್ಯಾಮಿನೇಷನ್ ಮಾಡಿಸಲು ಒಬ್ಬರು ತಂದಿದ್ದ ಪೇಪರು ಇನ್ನೂ ನನ್ನ ಡ್ರಾಯರಿನಲ್ಲಿದೆ, ತೆಗೆದುಕೊಂಡು ಹೋಗಲು ಬಂದಿಲ್ಲ.

ಅದೆಲ್ಲ ಜಾರಿಗೆ ಬಂದರೂ ಕೆಜಿಎಫ್‌ನಲ್ಲಿ ಸ್ಥಳೀಯ ಯಾರೆಂದು ತೀರ್ಮಾನಿಸಲು ಕೂರುವ ಅಧಿಕಾರಿಯನ್ನು ನೆನೆದರೆ ಅಯ್ಯೋ ಅನಿಸುತ್ತದೆ. ಮುತ್ತಜ್ಜ ಆರ್ಕಾಟಿನವನು, ಅಜ್ಜಿ ಕುಪ್ಪಂನವಳು, ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಜಗಳಕ್ಕೆ ಇಂಗ್ಲಿಷು, ನಾಲ್ಕು ತಲೆಮಾರಿನಿಂದ ರಾಬರ್ಟ್‌ಸನ್‌ಪೇಟೆ ಬಿಟ್ಟು ಎಲ್ಲೂ ಹೋಗಿಲ್ಲ. ಇವನಷ್ಟು ಲೋಕಲ್ ಯಾರಿದ್ದಾರೆ? ಆದರೂ ಅರ್ಜಿಯಲ್ಲಿ ‘ಮಾತೃಭಾಷೆ’ ಕಾಲಂ ಬಂದಾಗ ನನ್ನನ್ನೇ, “ಏನು ಹಾಕಿದ್ರೆ ಒಳ್ಳೇದು ಅಣ್ಣಾ?” ಎಂದು ಕೇಳುತ್ತಾನೆ.

ನಿಜವಾದ ಉದ್ಯೋಗ ವಿನಿಮಯ ಕೇಂದ್ರ ನಡೆಯುವುದು ಬೆಳಗಿನ ರೈಲಿನಲ್ಲಿ. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ಎನ್ನುತ್ತ ಜನರನ್ನು ತುಂಬಿಕೊಂಡು ಬಂಗಾರಪೇಟೆಗೆ ಬರುವಾಗಲೇ ಕಾಲಿಡಲು ಜಾಗ ಇರುವುದಿಲ್ಲ. ಮಾಲೂರು, ವೈಟ್‌ಫೀಲ್ಡು, ಕೆ.ಆರ್. ಪುರ, ಕಂಟೋನ್ಮೆಂಟು, ಒಬ್ಬೊಬ್ಬರದು ಒಂದೊಂದು ಸ್ಟೇಷನ್ನು. ಯಾವ ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಬಿಟ್ಟ, ಯಾವ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಮದುವೆಯಾಗಿ ಹೋದಳು, ಯಾವ ಗಾರ್ಮೆಂಟ್ಸಿನಲ್ಲಿ ಟೈಲರ್ ಬೇಕು, ಎಲ್ಲ ಟ್ಯಾಕಲ್ ದಾಟುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ಇಲ್ಲಿ ಶಿಫಾರಸು ಮಾಡುವವನಿಗೆ ಒಂದೇ ಅರ್ಹತೆ: ಸೀಟು ಹಿಡಿದುಕೊಂಡಿರಬೇಕು. ನಿಂತವನ ಮಾತಿಗೆ ಬೆಲೆ ಇಲ್ಲ.

ಇದಕ್ಕೆ ಹೊಸದಾಗಿ ಸೇರಿದ್ದು ವಾಟ್ಸಾಪು. ‘ಅರ್ಜೆಂಟ್, ಅರ್ಜೆಂಟ್, ದೊಡ್ಡ ಕಂಪನಿ, ಊಟ ಬಸ್ ಫ್ರೀ, ಹುಡುಗ ಹುಡುಗಿ ಇಬ್ಬರಿಗೂ’ ಎಂದು ಬರುತ್ತದೆ. ಕಂಪನಿ ಹೆಸರು ಇರುವುದಿಲ್ಲ, ‘ರಿಜಿಸ್ಟ್ರೇಷನ್ ಫೀಸು’ ಇರುತ್ತದೆ. ನಾನು ಅಂಗಡಿಯ ಗಾಜಿನ ಮೇಲೆ ‘ಕೆಲಸ ಕೊಡುವ ಕಂಪನಿ ಕೆಲಸಕ್ಕೆ ದುಡ್ಡು ಕೇಳುವುದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಟಿಸಿದ್ದೇನೆ. ಅದನ್ನು ಓದಿಕೊಂಡೇ ಒಬ್ಬ ಒಳಗೆ ಬಂದು, “ಅಣ್ಣಾ, ಫೀಸು ಗೂಗಲ್ ಪೇ ಮಾಡೋದು ಹೇಗೆ?” ಎಂದ.

ಈಗ ಎಲ್ಲರ ಕಣ್ಣೂ ನರಸಾಪುರದ ಮೇಲೆ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಹೋಂಡಾದವರು 2013ರಲ್ಲಿ ಸ್ಕೂಟರ್ ಫ್ಯಾಕ್ಟರಿ ತೆರೆದರು. ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು. 2020ರ ಡಿಸೆಂಬರಿನಲ್ಲಿ ಸಂಬಳದ ತಕರಾರು ಗಲಾಟೆಗೆ ತಿರುಗಿ ದೇಶಕ್ಕೆಲ್ಲ ಸುದ್ದಿಯಾದದ್ದು ಅಲ್ಲೇ. 2023ರಲ್ಲಿ ಅದನ್ನು ಟಾಟಾದವರು ಕೊಂಡರು. ಆ ಸುದ್ದಿ ಬಂದ ಮೇಲೆ ನನ್ನಲ್ಲಿ ಕಾಪಿ ತೆಗೆಸುವವರು ಹೆಚ್ಚಿದರು. ಚಿಕ್ಕಪ್ಪ ಕೂಡ, “ಅಲ್ಲಿಗೆ ಹಾಕಬಹುದು, ಉಪ್ಪಿನ ಋಣ ಇದೆ” ಎಂದು ಅಪ್ಪಣೆ ಕೊಟ್ಟರು.

ಆ ಕಡೆಯ ಒಂದು ಫ್ಯಾಕ್ಟರಿಯಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳಿಗೆ ಕೆಲಸ ಸಿಕ್ಕಿದೆ. ಪಿಯುಸಿ ಪಾಸು. ನನ್ನ ಅಂಗಡಿಯಲ್ಲಿ ಒಂದೂ ಆನ್‌ಲೈನ್ ಅರ್ಜಿ ಹಾಕಿಸಿದವಳಲ್ಲ, ಅಷ್ಟರ ಮಟ್ಟಿಗೆ ನನಗೆ ನಷ್ಟ. ಕಂಪನಿ ಬಸ್ಸು ಬರುವುದು ನಮ್ಮ ಅಂಗಡಿ ಮುಂದೆಯೇ. ಅವಳು ಹಾಲಿನ ಡೈರಿಗೆ ಬಂದಾಗೆಲ್ಲ ಬಸ್ಸಿನ ಕಿಟಕಿ ನೋಡುತ್ತಿದ್ದಳಂತೆ. ಒಂದು ವಾರ ತುಂಬಿಕೊಂಡು ಹೋಗುತ್ತಿದ್ದ ಬಸ್ಸಿನಲ್ಲಿ ಮುಂದಿನ ವಾರ ಹಿಂದಿನ ಸೀಟುಗಳು ಖಾಲಿ. ನೇರವಾಗಿ ಡ್ರೈವರನ್ನೇ ಕೇಳಿದಳು: “ಅಣ್ಣಾ, ಇವರೆಲ್ಲ ಎಲ್ಲಿ?” ಆ ಬ್ಯಾಚಿನ ಅವಧಿ ಮುಗಿಯಿತು, ಸೋಮವಾರ ಗೇಟಿನ ಹತ್ತಿರ ಹೊಸಬರನ್ನು ತೆಗೆದುಕೊಳ್ಳುತ್ತಾರೆ, ಒರಿಜಿನಲ್ಸ್ ತಗೊಂಡು ಹೋಗು ಎಂದ ಡ್ರೈವರು. ಪೇಪರು, ಪೋರ್ಟಲ್ಲು, ಎಕ್ಸ್‌ಚೇಂಜು, ನಾನು, ಯಾರಿಗೂ ಗೊತ್ತಿಲ್ಲದ ಸುದ್ದಿ ಸ್ಟೀರಿಂಗ್ ಮುಂದೆ ಕೂತಿತ್ತು. ನಾನು ದಿನಾ ಅದೇ ಬಸ್ಸನ್ನು ನೋಡಿದ್ದೆ. ಹಾರ್ನ್ ಜಾಸ್ತಿ ಹೊಡೆಯುತ್ತಾನೆ ಎಂದಷ್ಟೇ ಗಮನಿಸಿದ್ದೆ.

ಮೊದಲ ಸಂಬಳ ಬಂದ ಮೇಲೆ ಅವಳು ಪಾಸ್‌ಬುಕ್ ಕಾಪಿ ತೆಗೆಸಲು ಬಂದಳು. ಚಿಕ್ಕಪ್ಪ ಬೆಂಚಿನ ಮೇಲೆ ಸರಿದು ಕೂತು ಇಂಟರ್‌ವ್ಯೂ ಶುರುಮಾಡಿದರು.

“ಏನಮ್ಮಾ, ಕ್ವಾರ್ಟರ್ಸ್ ಕೊಡ್ತಾರಾ?”

“ಇಲ್ಲ ತಾತ, ಬಸ್ಸಲ್ಲೇ ಓಡಾಟ.”

“ಆಸ್ಪತ್ರೆ?”

“ಇಎಸ್‌ಐ ಇದೆ. ಪಿಎಫ್ಫೂ ಹಿಡೀತಾರೆ.”

“ನಮಗೆ ಕಂಪನಿ ಆಸ್ಪತ್ರೇನೇ ಇತ್ತು. ಎಷ್ಟು ಅಡಿ ಕೆಳಗೆ ಕೆಲಸ?”

“ಮೇಲೇ ತಾತ, ಎಸಿ ರೂಮಲ್ಲಿ.”

ಚಿಕ್ಕಪ್ಪ ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೊನೆಯ ಬಾಣ ಬಿಟ್ಟರು. “ಪರ್ಮನೆಂಟಾ?”

“ಇಲ್ಲ ತಾತ, ಒಂದು ವರ್ಷದ ಕಾಂಟ್ರ್ಯಾಕ್ಟು,” ಎಂದು ಅವಳು ಚಿಲ್ಲರೆ ಎಣಿಸುತ್ತ ಕೇಳಿದಳು, “ನಿಮ್ಮದು ಪರ್ಮನೆಂಟ್ ಇತ್ತಲ್ವಾ, ಎಷ್ಟು ವರ್ಷ ಬಂತು?”

ಚಿಕ್ಕಪ್ಪ ನನ್ನ ಕಡೆ ತಿರುಗಿದರು.

“ಇವಳ ಹತ್ರ ಕಾಪಿಗೆ ಒಂದು ರೂಪಾಯಿ ಜಾಸ್ತಿ ತಗೋ.”