ಎತ್ತು ಈಯಿತಂತೆ, ಲಾಜಿಕ್ ಸರಿಯಾಗಿಯೇ ಇದೆ!

ಸಿನಿಮಾ ಮುಗಿಸಿ ಹೊರಗೆ ಬರುವಾಗ ‘ಲಾಜಿಕ್ಕೇ ಇಲ್ಲ ಕಣ್ರೀ’ ಎಂದು ಮೂಗು ಮುರಿಯುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಹುದ್ದೆ ನಮ್ಮ ಭಾವನವರದು. ‘ಕೆಜಿಎಫ್’ ನೋಡುವಾಗ, ಒಬ್ಬನೇ ಅಷ್ಟು ಜನರನ್ನು ಹೇಗೆ ಹೊಡೆಯುತ್ತಾನೆಂದು ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಕೂಡ ಮುಟ್ಟದೆ ವಾದಕ್ಕೆ ಕೂತವರು. ಹೋಗಲಿ, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದರು, ಕೇಳುವ ಹಕ್ಕಿತ್ತು. ಈಗ ಬ್ರಹ್ಮಾಂಡಕ್ಕೂ ಅದೇ ಅಪ್ಪಣೆಯಾಗಿದೆ. ‘ನೋಡಯ್ಯ, ತಲೆ ನೆಟ್ಟಗಿದ್ದರೆ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ತರ್ಕ ಹಿಡಿದು ಹೊರಟರೆ ವಿಶ್ವದ ಗಂಟೆಲ್ಲ ಬಿಚ್ಚಿಕೊಳ್ಳುತ್ತೆ.’

‘ಹಾಗಾದರೆ ಭಾವ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಲ್ಲ, ಅವನದೇನು ತಪ್ಪು?’ ಎಂದೆ. ಕಾಫಿ ಲೋಟ ಕೆಳಗಿಟ್ಟರು. ಈದದ್ದನ್ನು ಕೊಟ್ಟಿಗೆಗೆ ಕಟ್ಟಬೇಕು, ಎತ್ತು ಈದಿದೆ, ಆದ್ದರಿಂದ ಕಟ್ಟು. ತರ್ಕದಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ. ಹೊರಗೆ ಹೋಗಿ ಎತ್ತನ್ನು ಒಮ್ಮೆ ನೋಡಿಬರುವ ಪುರುಸೊತ್ತು ಯಾರಿಗೂ ಇರಲಿಲ್ಲ, ಅಷ್ಟೆ.

ನಮ್ಮ ಹಳೇ ತರ್ಕಪಂಡಿತರು, ಅದೇ ನೈಯಾಯಿಕರು, ಈ ವಿಷಯದಲ್ಲಿ ಭಾರೀ ಹುಷಾರು. ಬೆಟ್ಟದ ಮೇಲೆ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಇರುವ ಹಾಗೆ ಎಂದು ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡಲೇಬೇಕಿತ್ತು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಲ್ಲ ಎಂದು ಯಾರಾದರೂ ತಿರುಗಿಸಿ ಕೇಳಿದರೆ ಕಾದ ಕಬ್ಬಿಣದ ಗುಂಡು ತೋರಿಸುತ್ತಿದ್ದರು. ಬೆಂಕಿ ಉಂಟು, ಹೊಗೆ ಇಲ್ಲ. ಹೊಗೆ ಬರುವುದು ಹಸಿ ಸೌದೆಯಿಂದ. ಅಂದರೆ ಗ್ಯಾಸ್ ಒಲೆಗೂ ಅವರ ಬಳಿ ಉತ್ತರ ರೆಡಿ ಇತ್ತು! ಇಷ್ಟಾದರೂ ಬೆಳಬೆಳಗ್ಗೆ ಮುಳ್ಳಯ್ಯನಗಿರಿಯ ಮಂಜನ್ನು ಕಂಡು ಹೊಗೆ ಎಂದುಕೊಂಡರೆ ಮುಂದಿನ ತರ್ಕವೆಲ್ಲ ಮಂಜಿನಲ್ಲೇ.

ಭಾವನವರು ಬಿಡುತ್ತಾರೆಯೇ? ನೆಪ್ಚೂನ್ ಗ್ರಹವನ್ನು ಎಳೆದು ತಂದರು. ಯುರೇನಸ್ ಲೆಕ್ಕ ಹಾಕಿದ ದಾರಿ ಬಿಟ್ಟು ಸರಿಯುತ್ತಿತ್ತು. ಆಚೆ ಯಾವುದೋ ಗ್ರಹ ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲೆವೆರಿಯೇ ಕಾಗದದ ಮೇಲೆ ಲೆಕ್ಕ ಮಾಡಿ ಬರ್ಲಿನ್ನಿಗೆ ಪತ್ರ ಬರೆದ. ಪತ್ರ ತಲುಪಿದ್ದು 1846ರ ಸೆಪ್ಟೆಂಬರ್ 23ಕ್ಕೆ. ಅದೇ ರಾತ್ರಿ ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದರೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಗ್ರಹ! ಆಕಾಶದ ಕಡೆ ಕತ್ತೆತ್ತದೆ ಕೂತಲ್ಲೇ ಗ್ರಹ ಹಿಡಿದವನು ಎಂದು ಊರೆಲ್ಲ ಹೊಗಳಿತು. ಹೊಗಳಬೇಕಾದ್ದೇ. ಏಕೆಂದರೆ ಇದೇ ನೆಪ್ಚೂನನ್ನು ಗೆಲಿಲಿಯೊ 1612ರಲ್ಲೇ ನೋಡಿದ್ದ, ನಕ್ಷತ್ರವೆಂದು ಗುರುತು ಹಾಕಿಕೊಂಡು ಮುಂದಕ್ಕೆ ಹೋಗಿದ್ದ. ಬರೀ ಕಣ್ಣಿದ್ದರೂ ಸಾಲದು, ಇದನ್ನು ನಾನು ಒಪ್ಪುತ್ತೇನೆ. ಆದರೆ ಲೆವೆರಿಯೇ ಲೆಕ್ಕದಲ್ಲಿ ಆ ಗ್ರಹದ ದೂರ, ಭೂಮಿ–ಸೂರ್ಯರ ನಡುವಿನ ಅಂತರದ ಸುಮಾರು 36 ಪಟ್ಟು. ಅಸಲು ಲೆಕ್ಕ 30. ದಿಕ್ಕು ಆ ಕಾಲಕ್ಕೆ ಸರಿಯಾಗಿ ಕೂತದ್ದರಲ್ಲಿ ಅದೃಷ್ಟದ್ದೂ ಒಂದು ಪಾಲಿತ್ತು. ಇದನ್ನು ಹೇಳಿದರೆ ಭಾವನವರಿಗೆ ಕಿವಿ ಕೇಳಿಸುವುದಿಲ್ಲ.

ಮುಂದಿನ ಕಥೆ ಇನ್ನೂ ಸೊಗಸು. ಬುಧ ಗ್ರಹದ ದಾರಿಯಲ್ಲೂ ಒಂದು ಕೊಸರು ಉಳಿದಿತ್ತು, ನೂರು ವರ್ಷಕ್ಕೆ ಒಂದು ಡಿಗ್ರಿಯ ಎಂಬತ್ತರಲ್ಲೊಂದು ಪಾಲಿಗೂ ಕಡಿಮೆ. ಲೆವೆರಿಯೇ ಅದೇ ಬೀಗಕ್ಕೆ ಅದೇ ಕೀಲಿ ಹಾಕಿದ: ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಲೇಬೇಕು. 1859ರಲ್ಲಿ ಲೆಸ್ಕಾರ್ಬೊ ಎಂಬ ಹಳ್ಳಿ ಡಾಕ್ಟರು, ಸೂರ್ಯನ ಮುಂದೆ ಕಪ್ಪು ಚುಕ್ಕೆ ಹಾದುಹೋದದ್ದನ್ನು ಕಂಡೆ ಎಂದು ಪತ್ರ ಬರೆದ. ಲೆವೆರಿಯೇ ಹೆಸರು ಹೇಳದೆ ಅವನ ಮನೆಗೇ ಹೋಗಿ ಪೊಲೀಸ್ ವಿಚಾರಣೆ ಮಾಡಿದ. ಡಾಕ್ಟರ ಗಡಿಯಾರಕ್ಕೆ ಸೆಕೆಂಡಿನ ಮುಳ್ಳೇ ಇಲ್ಲ. ದಾರಕ್ಕೆ ದಂತದ ಗುಂಡು ಕಟ್ಟಿ ತೂಗಿಸಿ ಸೆಕೆಂಡು ಎಣಿಸಿದ್ದ. ಲೆಕ್ಕ ಬರೆದಿದ್ದು ಮರದ ಹಲಗೆಯ ಮೇಲೆ, ಜಾಗ ಬೇಕಾದಾಗ ಉಜ್ಜುಗೊರಡಿನಿಂದ ಹೆರೆದು ಹಾಕುತ್ತಿದ್ದ! ಇಷ್ಟನ್ನು ಕಂಡೂ ಲೆವೆರಿಯೇ ಖುಷಿಯಿಂದ ನಂಬಿದ. ತರ್ಕ ಒಮ್ಮೆ ಗೆದ್ದುಬಿಟ್ಟರೆ ಹೀಗೇ, ಹಲಗೆಯೂ ತಾಮ್ರಶಾಸನವಾಗುತ್ತದೆ. ಗ್ರಹಕ್ಕೆ ವಲ್ಕನ್ ಎಂದು ನಾಮಕರಣವಾಯಿತು, ಡಾಕ್ಟರಿಗೆ ಸರ್ಕಾರದ ಪದಕ ಬಂತು. ಗ್ರಹ ಮಾತ್ರ ಬರಲಿಲ್ಲ. ಲೆವೆರಿಯೇ ವಲ್ಕನ್ನನ್ನು ನಂಬಿಕೊಂಡೇ 1877ರಲ್ಲಿ ತೀರಿಕೊಂಡ, ಅದೂ ಸೆಪ್ಟೆಂಬರ್ 23ರಂದೇ. 1915ರಲ್ಲಿ ಐನ್‌ಸ್ಟೈನ್ ಆ ಕೊಸರಿಗೆ ಲೆಕ್ಕ ಕೊಟ್ಟಾಗ ಅದರಲ್ಲಿ ಹೊಸ ಗ್ರಹವೇ ಇರಲಿಲ್ಲ. ಗುರುತ್ವದ ನಿಯಮವೇ ಬದಲಾಗಿತ್ತು. ಹೆಜ್ಜೆ ಹೆಜ್ಜೆಗೂ ಸರಿಯಾಗಿದ್ದ ತರ್ಕ ನಿಂತಿದ್ದ ನೆಲವೇ ಬೇರೆ.

‘ಅದೆಲ್ಲ ಹಳೇ ಕಾಲ ಬಿಡು’ ಎಂದರು ಭಾವ. ಸರಿ ಎಂದು ಅಸಲಿ ಕೆಜಿಎಫ್‌ಗೇ ಕರೆದುಕೊಂಡು ಹೋದೆ, ಮಾತಿನಲ್ಲಿ. ಚಿನ್ನ ತೆಗೆಯುತ್ತಿದ್ದ ಆ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ದಶಕಗಳ ಕಾಲ ವಿಶ್ವಕಿರಣ ಎಣಿಸಿದರು. ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ ಆ ಕೆಲಸ ಶುರುವಿಟ್ಟವರಲ್ಲಿ ಒಬ್ಬರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ 1965ರಲ್ಲಿ ಅಲ್ಲಿ ಸಿಕ್ಕಿತು. ಆಮೇಲೆ ಬಂತು ನೋಡಿ ತರ್ಕದ ಮದುವೆ ಊಟ: ಗುರುತ್ವವೊಂದನ್ನು ಬಿಟ್ಟು ಪ್ರಕೃತಿಯ ಉಳಿದ ಬಲಗಳನ್ನೆಲ್ಲ ಒಂದೇ ಸೂತ್ರಕ್ಕೆ ಪೋಣಿಸುವ ಚೆಂದದ ಸಿದ್ಧಾಂತ. ಅದು ನಿಜವಾದರೆ ಪ್ರೋಟಾನಿಗೂ ಸಾವುಂಟು. ಆಯಸ್ಸು ಮಾತ್ರ 1ರ ಮುಂದೆ 30 ಸೊನ್ನೆಯಷ್ಟು ವರ್ಷ; ವಿಶ್ವಕ್ಕೇ ಈಗ ವಯಸ್ಸು 1380 ಕೋಟಿ ವರ್ಷ. ಹಾಗಾದರೆ ಕಾಯುವವರು ಯಾರು? ಇಲ್ಲಿ ತರ್ಕಕ್ಕೆ ಕೈಮುಗಿಯಲೇಬೇಕು. ಊರಿನವರೆಲ್ಲ ಎಪ್ಪತ್ತು–ಎಂಬತ್ತು ವರ್ಷ ಬದುಕಿದರೂ ಪೇಪರಿನಲ್ಲಿ ನಿಧನವಾರ್ತೆ ಒಂದು ದಿನವೂ ತಪ್ಪುವುದಿಲ್ಲವಲ್ಲ, ಹಾಗೆ ಬೇಕಾದಷ್ಟು ಪ್ರೋಟಾನ್ ಗುಡ್ಡೆ ಹಾಕಿಕೊಂಡು ಕೂತರೆ ವರ್ಷಕ್ಕೊಂದಾದರೂ ಸತ್ತೀತು! 1980ರಲ್ಲಿ ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣ ಜೋಡಿಸಿ ಕಾದರು. ಸತ್ತಂತೆ ತೋರಿದ ಕೆಲವು ಗುರುತುಗಳೂ ಸಿಕ್ಕವು. ಬೇರೆ ಕಡೆಯ ದೊಡ್ಡ ಉಪಕರಣಗಳು ಸಾವನ್ನು ಒಪ್ಪಲಿಲ್ಲ.

‘ಮತ್ತೆ ಸಿದ್ಧಾಂತ?’

‘ಸರಳವಾಗಿದ್ದ ಮೊದಲಿನದು ಹೋಯಿತು. ಹೊಸವು ಬಂದವು. ಆಯಸ್ಸಿಗೆ ಇನ್ನೊಂದಷ್ಟು ಸೊನ್ನೆ ಸೇರಿತು.’

ಭಾವನವರಿಗೆ ಸ್ವಲ್ಪ ಸಂಕಟವಾಯಿತು. ಸಮಾಧಾನಕ್ಕೆ ಜಪಾನಿನ ಕಮಿಯೋಕದ ಸುದ್ದಿ ಹೇಳಿದೆ. ಅಲ್ಲೂ ಗಣಿಯೇ, ಅಲ್ಲೂ ಪ್ರೋಟಾನ್ ಯಾವಾಗ ಸಾಯುತ್ತದೆಂದು 3000 ಟನ್ ನೀರು ತುಂಬಿಕೊಂಡು ಕಾದವರೇ. ಪ್ರೋಟಾನ್ ಸಾಯಲಿಲ್ಲ. ಬದಲಿಗೆ 1987ರ ಫೆಬ್ರವರಿಯಲ್ಲಿ, ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸತ್ತ ಸುದ್ದಿ ಹನ್ನೊಂದು ನ್ಯೂಟ್ರಿನೊಗಳ ಮೂಲಕ ಬಂದು ಬಿತ್ತು. ಆ ಪ್ರಯೋಗದ ಮುಂದಾಳು ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಕೂಡ ಬಂತು.

‘ಅವರು ಕಾದಿದ್ದು ಯಾರ ಸಾವಿಗೆ, ಸತ್ತವರು ಯಾರು!’ ಎಂದು ಭಾವ ಗೊಣಗಿದರು. ‘ಪ್ರೋಟಾನ್ ಗತಿ?’

‘ಗಟ್ಟಿಮುಟ್ಟಾಗಿದೆ ಭಾವ. ನಿಮ್ಮ ಕಾಫಿಯಲ್ಲೂ ಇದೆ, ಆರುತ್ತಿದೆ, ಕುಡಿಯಿರಿ.’