ನನಗಿಂತ ಮೊದಲು ಈ ಕಾರಿನಡಿ ಮಲಗಿದ್ದ ಮಹಾನುಭಾವರಿಗೆ

ಮಾನ್ಯರೇ,

ವಿಷಯ: 1966ರ ಜಾಗ್ವಾರ್ ಇ-ಟೈಪ್ ಕಾರಿನ ಹಿಂಬದಿ ಸಸ್ಪೆನ್ಷನ್ನಿನ ಕೀಲುಗಳಿಗೆ ತಾವು ಬೇರಿಂಗ್ ಕೂರಿಸಿರುವ ರೀತಿ ಹಾಗೂ ಅದರಿಂದ ನನ್ನ ಬೆನ್ನಿಗೆ ಒದಗಿರುವ ಸ್ಥಿತಿಯ ಕುರಿತು.

ಉಲ್ಲೇಖ: ತಾವು ಹಾಕಿದ, ಹಾಕದೆ ಬಿಟ್ಟ ಮತ್ತು ತಿರುವುಮುರುವಾಗಿ ಹಾಕಿದ ಸಾಮಾನುಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಮ್ಮ ಹೆಸರಾಗಲಿ ವಿಳಾಸವಾಗಲಿ ನನಗೆ ತಿಳಿಯದು. ತಿಳಿದಿದ್ದರೆ ಬಹಿರಂಗ ಪತ್ರದ ಉಸಾಬರಿಗೆ ಹೋಗದೆ ನೇರವಾಗಿ ಬಂದು ಬಾಗಿಲು ತಟ್ಟುತ್ತಿದ್ದೆ, ಕೈಯಲ್ಲಿ ಪಾನಾ ಹಿಡಿದುಕೊಂಡೇ.

ಕಾರು ನನ್ನದಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಉದ್ಯೋಗ, ಬಾಡಿಗೆ ಮನೆ, ಓಡಾಟಕ್ಕೆ ಬಸ್ಸು. ಕಾರು ಪಕ್ಕದ ಮನೆಯ ನಿವೃತ್ತ ಗಣಿತ ಮೇಷ್ಟ್ರದ್ದು. ನಾಲ್ಕು ದಶಕದಿಂದ ಅವರ ಗ್ಯಾರೇಜಿನಲ್ಲಿದೆ. ಈಗ ಅವರ ಬೆರಳ ಗಂಟುಗಳು ಊದಿಕೊಂಡು ನಟ್ಟು ತಿರುಗಿಸಲಾಗದು. ಹಾಗಾಗಿ ಅವರು ಸ್ಟೂಲಿನ ಮೇಲೆ, ನಾನು ಕಾರಿನ ಕೆಳಗೆ. ಮೂರು ಭಾನುವಾರಗಳಿಂದ ಇದೇ ವ್ಯವಸ್ಥೆ. ಹಿಂದೆ ಇದನ್ನು ಬಿಚ್ಚಿದ್ದು ಯಾರು ಎಂದು ಮೊದಲ ದಿನವೇ ಕೇಳಿದ್ದೆ. "ಎಂಬತ್ತರ ದಶಕದಲ್ಲಿ ಯಾರೋ ಮಾಡಿದ್ದು" ಎಂದು ಚಹಾದ ಲೋಟದೊಳಗೆ ನೋಡಿದರು.

ರೋಗಲಕ್ಷಣ ಇಷ್ಟೇ. ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ತನ್ನದೇ ಒಂದು ತೀರ್ಮಾನಕ್ಕೆ ಬರುತ್ತಿತ್ತು. ಸ್ಟೀರಿಂಗ್ ಮುಂದೊಂದು ಇದ್ದರೆ ಹಿಂದೆ ಇನ್ನೊಂದು ಇದ್ದಹಾಗೆ. ಜಾಕಿ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಟಕ್, ಟಕ್. ಅಜ್ಜನ ಹಲ್ಲಿನ ಸೆಟ್ಟು.

ಮಾನ್ಯರೇ, ತಾವು ಕೈಯಿಟ್ಟದ್ದು ಎಂಥ ವಸ್ತುವಿಗೆ ಎಂಬುದು ತಮಗೆ ಗೊತ್ತಿತ್ತೇ? 1961ರ ಮಾರ್ಚ್‌ನಲ್ಲಿ ಜಿನೀವಾದ ಮೋಟಾರು ಮೇಳದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಾಗ ಜನ ಮುಗಿಬಿದ್ದದ್ದು ಮಾಲ್ಕಮ್ ಸೇಯರ್ ರೂಪಿಸಿದ ಆ ನೀಳ ಮೂತಿಗೆ. ಇಂದಿಗೂ ಹಳೆಕಾರು ಪ್ರದರ್ಶನಗಳಲ್ಲಿ ಗಂಡಸರು ಮಂಡಿಯೂರುವುದು ಆ ಬಾನೆಟ್ಟಿನ ಮುಂದೆಯೇ. ಹಿಂದೆ ಬಗ್ಗಿ ನೋಡಿದವರನ್ನು ನಾನು ಕಾಣೆ. ಆದರೆ ಕಾರಿನ ಬುದ್ಧಿಯಿರುವುದು ಹಿಂದೆ. ಬಾಬ್ ನೈಟ್ ಎಂಬ ಎಂಜಿನಿಯರ್ ಆ ಹಿಂಬದಿ ಸಸ್ಪೆನ್ಷನ್ನನ್ನು ಒಂದು ತಿಂಗಳೊಳಗೆ ಮಾಡಲಾರ ಎಂದು ಕಂಪನಿಯ ಯಜಮಾನ ಸರ್ ವಿಲಿಯಂ ಲಯನ್ಸ್ ಐದು ಪೌಂಡಿನ ಪಂಥ ಕಟ್ಟಿದ್ದರಂತೆ, ನೈಟ್ 27 ದಿನದಲ್ಲಿ ಮುಗಿಸಿ ಗೆದ್ದರಂತೆ. ಕೊವೆಂಟ್ರಿಯಲ್ಲಿ ಈ ಕಥೆಯನ್ನು ಯಾರು ಬೇಕಾದರೂ ಹೇಳುತ್ತಾರೆ. ನಾನಾದರೂ 21 ದಿನ ತೆಗೆದುಕೊಂಡಿದ್ದೇನೆ. ಒಂದು ಪಕ್ಕ ಬಿಚ್ಚಲು.

ಆ 27 ದಿನದ ಕೆಲಸ 35 ವರ್ಷ ಬಾಳಿತು. ಅದೇ ವಿನ್ಯಾಸ ಅಲ್ಲಿ ಇಲ್ಲಿ ತಿದ್ದಿಸಿಕೊಳ್ಳುತ್ತ 1996ರ ಎಕ್ಸ್‌ಜೆಎಸ್ ಕಾರಿನವರೆಗೂ ಬಂತು. ಉಕ್ಕಿನ ತಗಡಿನ ಒಂದು ಪಂಜರ. ಅದರೊಳಗೆ ಡಿಫರೆನ್ಷಿಯಲ್, ಅದಕ್ಕೆ ಅಂಟಿಕೊಂಡಂತೆ ಎರಡು ಡಿಸ್ಕ್ ಬ್ರೇಕು, ನಾಲ್ಕು ಸ್ಪ್ರಿಂಗು. ಪಂಜರವನ್ನು ಕಾರಿಗೆ ಕಟ್ಟಿರುವುದು ನಾಲ್ಕು ರಬ್ಬರು ತುಂಡುಗಳಿಂದ. ಒಳಗೆ ಬಿಗಿ, ಹೊರಗೆ ಮೆತ್ತಗೆ. ಚಕ್ರವನ್ನು ಕೆಳಗಿನಿಂದ ಹಿಡಿಯುವುದು ವಿಶ್‌ಬೋನ್ ಎಂಬ ಕೊಳವೆಯಾಕಾರದ ತೋಳು. ಮೇಲಿನಿಂದ ಹಿಡಿಯುವುದು, ಇಲ್ಲೇ ಜಾಣತನ ಇರುವುದು, ಚಕ್ರ ತಿರುಗಿಸುವ ಹಾಫ್ ಶಾಫ್ಟೇ. ತಿರುಗಿಸುವ ಕೆಲಸವೂ ಅದರದ್ದೇ, ಹಿಡಿದುಕೊಳ್ಳುವ ಕೆಲಸವೂ ಅದರದ್ದೇ. ನಮ್ಮ ಕಡೆ ಮನೆಸೊಸೆಗೆ ಹೇಗೋ ಹಾಗೆ. ಈ ಶಾಫ್ಟ್ ಉದ್ದ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದ್ದರಿಂದ ಕೆಳಗಿನ ತೋಳಿನ ಕೀಲಿನಲ್ಲಿ ಕೂದಲೆಳೆಯಷ್ಟು ಆಟ ಬಂದರೂ ಚಕ್ರ ವಾಲುತ್ತದೆ, ಹಿಂಭಾಗ ಹಾಡು ಶುರುಮಾಡುತ್ತದೆ.

ಆ ಕೀಲುಗಳಿಗಾಗಿಯೇ ಒಳಗಡೆ ಎರಡೂ ಪಕ್ಕ ಸೇರಿ ಎಂಟು ಸೂಜಿ ಬೇರಿಂಗುಗಳು. ತೋಳಿನ ಒಳತುದಿ ಕವೆಯಂತೆ ಎರಡು ಕಿವಿಯಾಗಿ ಒಡೆದಿದೆ. ಒಂದೊಂದು ಕಿವಿಗೆ ಎರಡೆರಡು ಬೇರಿಂಗ್, ನಡುವೆ ಒಂದು ಕೊಳವೆ. ಬೇರಿಂಗಿನ ಒಂದು ಮುಖದಲ್ಲಿ ಅಕ್ಷರ ಕೆತ್ತಿರುತ್ತದೆ. ಆ ಮುಖ ಹೊರಗೆ ಬರಬೇಕು, ಅದನ್ನು ಹಿಡಿದೇ ಪ್ರೆಸ್ಸಿನಲ್ಲಿ ಒತ್ತಬೇಕು. ಗಟ್ಟಿಯಿರುವುದು ಆ ಕಡೆಯೇ, ಇನ್ನೊಂದು ಕಡೆ ಒತ್ತಿದರೆ ಅಂಚು ಮಡಚಿಕೊಳ್ಳುತ್ತದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿದೆ. ನಾನು ಬಿಚ್ಚಿದ ಪಕ್ಕದ ನಾಲ್ಕರಲ್ಲಿ ಮೂರನ್ನು ತಾವು ಅಕ್ಷರ ಒಳಗಾಗಿ ಒತ್ತಿದ್ದೀರಿ. ನಾಲ್ಕೂ ತಪ್ಪಾಗಿದ್ದರೆ ಗೊತ್ತಿಲ್ಲದೆ ಮಾಡಿದ್ದು ಎಂದುಕೊಳ್ಳುತ್ತಿದ್ದೆ. ಮೂರು ಎಂದರೆ ಊಟದ ನಂತರ ಮಾಡಿದ್ದು.

ಇನ್ನು ಗ್ರೀಸಿನ ಸಂಗತಿ. ಈ ಬೇರಿಂಗುಗಳ ಬದುಕೇ ವಿಚಿತ್ರ. ಚಕ್ರದ ಬೇರಿಂಗಿನಂತೆ ಇವು ಗಿರಗಿರ ತಿರುಗುವುದಿಲ್ಲ. ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಕೆಲವೇ ಡಿಗ್ರಿ ಆಚೆ, ಕೆಲವೇ ಡಿಗ್ರಿ ಈಚೆ. ಒಂದೇ ಸೂಜಿ ವರ್ಷಗಟ್ಟಲೆ ಶಾಫ್ಟಿನ ಒಂದೇ ಜಾಗವನ್ನು ತಿಕ್ಕುತ್ತಿರುತ್ತದೆ. ಗ್ರೀಸು ತಾನಾಗಿ ಸುತ್ತಿ ಬರುವುದಿಲ್ಲ, ಹೊಸತು ತುಂಬುತ್ತಲೇ ಇರಬೇಕು. ಇಲ್ಲವಾದರೆ ಲೋಹ ಲೋಹವನ್ನೇ ಅರೆದು ಕೆಂಪು ಪುಡಿ ಮಾಡುತ್ತದೆ. ಶಾಫ್ಟ್ ಹೊರತೆಗೆದಾಗ ನನ್ನ ಅಂಗೈಗೆ ಬಿದ್ದದ್ದು ಆ ಪುಡಿಯೇ, ಒಂದು ಚಮಚದಷ್ಟು, ನಮ್ಮ ಮನೆಯ ಕುಂಕುಮದ ಬಟ್ಟಲಿಗೆ ಹಾಕಿಟ್ಟರೆ ಯಾರಿಗೂ ವ್ಯತ್ಯಾಸ ತಿಳಿಯದು. ಶಾಫ್ಟಿನ ಮೇಲೆ ಸಾಲಾಗಿ ಗೀರುಗಳು. ಉಗುರು ಓಡಿಸಿದರೆ ಕರಕರ ತಡೆಯುತ್ತಿತ್ತು, ಬಾಚಣಿಗೆಯ ಹಲ್ಲಿನ ಮೇಲೆ ಓಡಿಸಿದಂತೆ.

ಗ್ರೀಸ್ ಹೊಡೆಯಲೆಂದೇ ನಿಪ್ಪಲ್ ಇಟ್ಟಿದ್ದಾರಲ್ಲ ಮಾರಾಯರೇ! ಒಂದನ್ನು ತಾವು ಕಿತ್ತು ಆ ತೂತಿಗೆ ಬೋಲ್ಟ್ ಜಡಿದಿದ್ದೀರಿ. ಮಿಕ್ಕವಕ್ಕೆ ಕಪ್ಪು ಬಣ್ಣ ಬಳಿದಿದ್ದೀರಿ. ಒಂದು ಕೋಟ್ ಅಲ್ಲ, ಮೂರು. ಪ್ರದರ್ಶನಕ್ಕೆ ಹೋಗುವಾಗ ಅಡಿಭಾಗ ಮಿರಮಿರ ಮಿಂಚಲಿ ಎಂದಿರಬೇಕು. ಗಂಟಲಿಗೆ ಮೇಣ ತುಂಬಿ ತುಟಿಗೆ ಲಿಪ್‌ಸ್ಟಿಕ್ ಹಚ್ಚುವುದೆಂದರೆ ಇದೇ. ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಇದನ್ನು ಹೇಳಿದೆ. ನಮ್ಮ ತೋಟದ ಜೀಪಿಗೆ ಆಯುಧಪೂಜೆಯ ಹಿಂದಿನ ದಿನ ಒಂದು ನಿಪ್ಪಲ್ಲೂ ಬಿಡದೆ ಗ್ರೀಸ್ ಗನ್ ಹಿಡಿಯುತ್ತಿದ್ದವರು ಅವರು, ಹಳೆ ಗ್ರೀಸು ಹೊರಗೆ ಹೂವಿನಂತೆ ಅರಳಿ ಬರುವವರೆಗೂ. 2008ರಲ್ಲಿ ಜಾಗ್ವಾರ್ ಟಾಟಾದವರ ಕೈಗೆ ಬಂದಾಗಿನಿಂದ ಅಪ್ಪನಿಗೆ ಇದು "ನಮ್ಮ ಕಾರು" ಬೇರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ರೀಸಿನ ತೂತಿಗೆ ಪೇಂಟಾ? ಅವನ ಮನೆ ಜೀಪು ಹೆಂಗಿತ್ತೇನ ಪಾಪ" ಎಂದರು. ತಮ್ಮ ಬಗ್ಗೆ ಅಪ್ಪನಿಗೆ ಕನಿಕರವಿದೆ. ನನಗಿಲ್ಲ.

ಪಂಜರ ಇಳಿಸಿದ ವಿವರಕ್ಕೆ ಹೋಗುವುದಿಲ್ಲ. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಪ್ರೊಪೆಲ್ಲರ್ ಶಾಫ್ಟು ಎಲ್ಲ ಬಿಚ್ಚಿದೆ. ಮುಂದಕ್ಕೆ ಹೋಗುವ ಉದ್ದ ತೋಳು ಕಾರಿನ ತಳಕ್ಕೆ ಕಚ್ಚಿಕೊಂಡು, ಬರುವುದಿಲ್ಲ ಎಂದು ಹಟ ಹಿಡಿಯಿತು. ಚಕ್ರದ ಕಡೆಯ ಹೊರಕೀಲಿನ ಶಾಫ್ಟಂತೂ ಬೇರಿಂಗಿನೊಳಗೇ ತುಕ್ಕು ಹಿಡಿದು ಒಂದಾಗಿತ್ತು. ಎಣ್ಣೆ ಬಿಟ್ಟೆ, ಬಿಸಿ ಕೊಟ್ಟೆ, ಸುತ್ತಿಗೆ ಹಿಡಿದೆ. ಕೊನೆಗೆ ಕೆಲಸ ಮಾಡಿದ್ದು ಮಾತೃಭಾಷೆ. ಮೇಷ್ಟ್ರಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಸ್ಟೂಲನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡರು.

ತಮಗೆ ಹೇಳಲೇಬೇಕಾದದ್ದು ಹೊಸ ಬೇರಿಂಗ್ ಹಾಕಿ ತೋಳನ್ನು ಮತ್ತೆ ಏರಿಸಿದ ಕಥೆ. ಕವೆಯ ಕಿವಿಗೆ ಎರಡು ಮುಖ. ಒಂದೊಂದು ಮುಖಕ್ಕೂ ವಾಷರು, ವಾಷರಿನ ಮೇಲೆ ಸೀಲು, ಸೀಲಿನ ಮೇಲೆ ಅದನ್ನು ಹಿಡಿಯುವ ಬಳೆ. ಎಲ್ಲವೂ ಗ್ರೀಸಿನ ಅಂಟಿನ ಮೇಲೆ, ಅಂದರೆ ದೇವರ ಮೇಲೆ ಭಾರ ಹಾಕಿ ನಿಂತಿರುತ್ತವೆ. ಈ ಮೆರವಣಿಗೆಯನ್ನು ಒಂದಿಷ್ಟೂ ಅಲುಗಿಸದೆ ಎರಡು ಬ್ರಾಕೆಟ್ಟುಗಳ ನಡುವಿನ ಸಂದಿಗೆ ತೂರಿಸಬೇಕು. ಅದಕ್ಕೆ ಒಂದು ಉಪಾಯವಿದೆ. ಕಿವಿಯಷ್ಟೇ ಉದ್ದದ ಗಿಡ್ಡ ಸುಳ್ಳು ಶಾಫ್ಟು ಮಾಡಿ ಒಳಗಿಟ್ಟುಕೊಂಡರೆ ಎಲ್ಲವೂ ಸಾಲಾಗಿ ಕೂತಿರುತ್ತವೆ. ತೋಳು ಜಾಗಕ್ಕೆ ಬಂದಮೇಲೆ ನಿಜವಾದ ಶಾಫ್ಟನ್ನು ಮೆಲ್ಲಗೆ ಬಡಿದರೆ ಅದು ಒಳಗೆ ಬರುತ್ತ ಸುಳ್ಳು ಶಾಫ್ಟನ್ನು ಆಚೆ ತಳ್ಳುತ್ತದೆ. ನಿಜ ಬಂದಂತೆ ಸುಳ್ಳು ಹೊರಡುವುದನ್ನು ಕಣ್ಣಾರೆ ನೋಡಬಹುದಾದ ಜಾಗ ಇದೊಂದೇ ಇರಬೇಕು.

ಮೊದಲ ಸಲ ಸುಳ್ಳು ಶಾಫ್ಟ್ ಕೂದಲಷ್ಟು ಉದ್ದವಾಗಿತ್ತು, ತೋಳು ಸಂದಿಗೆ ಹೋಗಲಿಲ್ಲ. ಉಜ್ಜಿದೆ. ಎರಡನೆಯ ಸಲ ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಒಂದು ಬಳೆ ಜಾರಿ, ಎದೆಯ ಮೇಲೆ ಬಿದ್ದು, ಕಾಲರಿನೊಳಗೆ ಇಳಿಯಿತು. ತಣ್ಣಗಿತ್ತು. ಹುಡುಕಲು ತೋಳು ಕೆಳಗಿಳಿಸಬೇಕಾಯಿತು. ಮೂರನೆಯ ಸಲ ಶಾಫ್ಟ್ ಒಳಗೆ ಬರುತ್ತ ಬರುತ್ತ ಒಂದು ಕಡೆ ನಿಂತೇಬಿಟ್ಟಿತು. ಟಾರ್ಚು ಹಿಡಿದು ನೋಡಿದರೆ ಒಂದು ವಾಷರು ಅರ್ಧಚಂದ್ರನಂತೆ ಅಡ್ಡ ಇಣುಕುತ್ತಿದೆ. ಆಗ ತಾವು ಒಂದು ವಾಷರನ್ನು ಹಾಕದೆಯೇ ಬಿಟ್ಟಿದ್ದೇಕೆ ಎಂಬುದು ಅರ್ಥವಾಯಿತು. ಕ್ಷಮಿಸಿದೆ ಎಂದಲ್ಲ, ಅರ್ಥವಾಯಿತು ಅಷ್ಟೇ. ಐದನೆಯ ಸಲಕ್ಕೆ ಶಾಫ್ಟ್ ಬಿಸಿ ತುಪ್ಪದಲ್ಲಿ ಬೆರಳಿಟ್ಟಂತೆ ಒಳಗಿಳಿಯಿತು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆರಳಿನ ನೋವಿಗೆ ಮೂರೇ ಚಪ್ಪಾಳೆ.

ಉಳಿದದ್ದು ಹೊರಕೀಲು. ಅಲ್ಲಿರುವುದು ಟೇಪರ್ ಬೇರಿಂಗ್ ಜೋಡಿ. ಆಟ ಇರಬಾರದು, ಬಿಗಿಯೂ ಅತಿಯಾಗಬಾರದು. ಹೆಚ್ಚೆಂದರೆ ಎರಡು ಸಾವಿರದಂಶ ಇಂಚು ಬಿಗಿ, ಅಂದರೆ 0.05 ಮಿಮೀ, ತೆಳುಗೂದಲಿನ ದಪ್ಪ. ಅದನ್ನು ಹೊಂದಿಸುವುದು ಶಿಮ್ ಎಂಬ ತೆಳು ಬಳೆಗಳಿಂದ. ಬಲಗಡೆಯ ಕೀಲಿನಲ್ಲಿ ತಮ್ಮ ಶಿಮ್ ಸಿಕ್ಕಿತು. ಒರೆಸಿದೆ. ಕೆಂಪು ಬಣ್ಣ. ಇನ್ನಷ್ಟು ಒರೆಸಿದೆ. ಒಂದು ಕಪ್ಪು ಬೂಟು, ಅದರ ಮೇಲೆ ನೀಲಿ ಪ್ಯಾಂಟಿನ ಒಂದು ಕಾಲು. ಬಿಸ್ಕತ್ತಿನ ಡಬ್ಬಿಯ ತಗಡು! ಅರಮನೆಯ ಸಿಪಾಯಿಯ ಕಾಲನ್ನು ಕತ್ತರಿಸಿ ಜಾಗ್ವಾರಿನ ಕೀಲಿಗೆ ಹಾಕಿದ್ದೀರಿ. ಕಾರಿನಡಿಯಿಂದ ಹೊರಬಂದು ತಮ್ಮ ವಂಶವನ್ನು ಒಂದೆರಡು ತಲೆಮಾರು ಹಿಂದಕ್ಕೆ ಹೋಗಿ ವಿಚಾರಿಸಿಕೊಂಡೆ, ಈ ಸಲ ಇಂಗ್ಲಿಷಿನಲ್ಲೇ.

"ಮೊದಲು ಅಳೆದು ನೋಡು" ಎಂದರು ಮೇಷ್ಟ್ರು. "ಆಮೇಲೆ ಬೈಯಿ."

ಡಯಲ್ ಗೇಜ್ ಇಟ್ಟು ಲೆಕ್ಕ ಹಾಕಿದೆ. ಹೊಸ ಬೇರಿಂಗಿಗೆ 0.26 ಮಿಮೀ ಶಿಮ್ ಹಾಕಿದರೆ ಆಟ ಸೊನ್ನೆ. ಅಂದರೆ ನನಗೆ ಬೇಕಿದ್ದದ್ದು 0.21ರಿಂದ 0.26ರ ಒಳಗೆ. ಅಂಗಡಿಯಿಂದ ತರಿಸಿದ್ದ ಶಿಮ್‌ಗಳು 0.10 ಮತ್ತು 0.18ರವು. 0.10ರವು ಎರಡು ಸೇರಿದರೆ 0.20, ಅತಿ ಬಿಗಿ. ಒಂದು 0.10, ಒಂದು 0.18 ಆದರೆ 0.28, ಮತ್ತೆ ಆಟ. ಕಾಗದದ ಮೇಲೆ ನಾಲ್ಕು ಸಲ ಕೂಡಿದೆ. ಕೂಡಿದಷ್ಟು ಸಲವೂ ಅದೇ ಉತ್ತರ. ಮೇಷ್ಟ್ರು ಮಾತಾಡದೆ ಮೈಕ್ರೋಮೀಟರನ್ನು ನನ್ನ ಕಡೆ ಸರಿಸಿದರು. ಸಿಪಾಯಿಯನ್ನು ಹಿಡಿದೆ. 0.22.

ಸಿಪಾಯಿ ಮತ್ತೆ ಕರ್ತವ್ಯಕ್ಕೆ ಹಾಜರಾಗಿದ್ದಾನೆ. ಬಲಚಕ್ರ ಈಗ ಮೇಲೆ ಕೆಳಗೆ ಎಳೆದರೂ ಸದ್ದಿಲ್ಲ.

ಕೊನೆಯದಾಗಿ ಒಂದು ಮಾತು. ಪತ್ರದ ಆರಂಭದಲ್ಲಿ ತಮ್ಮ ವಿಳಾಸ ತಿಳಿಯದು ಎಂದು ಬರೆದಿದ್ದೆ. ಅದು ಮಧ್ಯಾಹ್ನದ ಮಾತು. ಸಂಜೆ ನಟ್ಟುಗಳಿಗೆ ಹಾಕುವ ಪಿನ್ನು ಹುಡುಕುತ್ತ ಗ್ಯಾರೇಜಿನ ಮೇಲಿನ ಕಪಾಟಿನಿಂದ ಒಂದು ಹಳೆಯ ಡಬ್ಬಿ ಇಳಿಸಿದೆ. ಮುಚ್ಚಳದ ಮೇಲೆ ಸಾಲಾಗಿ ನಿಂತ ಕೆಂಪಂಗಿಯ ಸಿಪಾಯಿಗಳು. ಮೂರನೆಯವನ ಸೊಂಟದ ಕೆಳಗೆ ರೂಪಾಯಿ ಅಗಲದ ದುಂಡು ತೂತು. ಬೇರಿಂಗ್ ಏನಾದರಾಗಲಿ, ಕತ್ತರಿಯ ಕೆಲಸ ಬಹಳ ಅಚ್ಚುಕಟ್ಟು. ನಾನು ಏನೂ ಹೇಳಲಿಲ್ಲ. ಸ್ಟೂಲಿನ ಮೇಲಿದ್ದವರಿಗೆ ಅದೇ ಕ್ಷಣದಲ್ಲಿ ಒಲೆಯ ಮೇಲಿಟ್ಟ ಚಹಾದ ಕೆಟಲು ನೆನಪಾಯಿತು.

ಎಡಗಡೆಯ ಚಕ್ರದ ಕೆಲಸ ಮುಂದಿನ ಭಾನುವಾರ. ಅಂಗಡಿಯಲ್ಲಿ ಬೇರೆ ಅಳತೆಯ ಶಿಮ್ ಇಲ್ಲವಂತೆ. ಮುಚ್ಚಳದಲ್ಲಿ ಇನ್ನೂ ನಾಲ್ಕು ಜನ ಸಿಪಾಯಿಗಳು ಎರಡೂ ಕಾಲಿನ ಮೇಲೆ ನಿಂತಿದ್ದಾರೆ. ದಯವಿಟ್ಟು ಅವರಲ್ಲಿ ಒಬ್ಬರನ್ನು ಸೇವೆಗೆ ಬಿಟ್ಟುಕೊಡಬೇಕಾಗಿ ಈ ಮೂಲಕ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಪಕ್ಕದ ಮನೆಯವನು