ಉಪವಾಸದ ಉಪಚಾರ

ನಾಲ್ಕು ಜನರೆದುರು ತುತ್ತು ಎತ್ತಬೇಕೆಂದರೆ ನನಗೆ ಕೈ ನಡುಗುತ್ತದೆ, ನಾಲಿಗೆ ಒಣಗುತ್ತದೆ, ಗಂಟಲು ಬೀಗ ಹಾಕಿಕೊಳ್ಳುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಗೆ 'ಸೋಷಿಯಲ್ ಫೋಬಿಯಾ' ಸೇರಿಸಿದಾಗ ಜನರೆದುರು ಉಣ್ಣುವ ಭಯವನ್ನೂ ಮರೆಯದೆ ನಮೂದಿಸಿದರು. ನಮ್ಮತ್ತೆ ಇಟ್ಟ ಹೆಸರು 'ಡೌಲು'.

ಧಾರವಾಡದಲ್ಲಿ ಇದಕ್ಕೊಂದು ರಾಮಬಾಣವಿತ್ತು: "ಇವತ್ತ ಉಪವಾಸ ರೀ." ಬಡಿಸುವವರು ಭಕ್ತಿಯಿಂದ ಮುಂದಿನ ಎಲೆಗೆ ಹೋಗುತ್ತಿದ್ದರು. ನಾಗಪುರಕ್ಕೆ ವರ್ಗವಾದ ಮೇಲೆ ಧರಂಪೇಠದ ಒಂದು ಗೃಹಪ್ರವೇಶದಲ್ಲಿ ಅದೇ ಬಾಣ ಬಿಟ್ಟೆ. ಮನೆಯೊಡತಿಯ ಮುಖ ಅರಳಿತು. ಸಾಬೂದಾಣಿ ಖಿಚಡಿ ಬಂತು, ಹಿಂದೆಯೇ ಸಾಬೂದಾಣಿ ವಡೆ, ಭಗರ್, ಶೇಂಗಾ ಆಮಟಿ, ಆಲೂಗಡ್ಡೆ ಪಲ್ಯ. 'ಏಕಾದಶಿ, ದುಪ್ಪಟ್ ಖಾಶಿ' (ಏಕಾದಶಿಗೆ ಎರಡರಷ್ಟು ತಿನ್ನುವೆ) ಎಂದು ಮರಾಠಿಗರು ತಮ್ಮನ್ನೇ ಗೇಲಿ ಮಾಡಿಕೊಳ್ಳುವುದು ನನಗೆ ಯಾರು ಹೇಳಬೇಕಿತ್ತು? ಉಂಡು ಕೈತೊಳೆದವರೆಲ್ಲ ಬಂದು ಪುಣ್ಯಾತ್ಮನ ಫಲಾಹಾರ ನೋಡುತ್ತ ನಿಂತರು.

ಆಫೀಸಿನ ತರ್ರಿ ಪೋಹಾ ಇನ್ನೂ ಘೋರ. ಹಳದಿ ಅವಲಕ್ಕಿ, ಮೇಲೆ ಕಡಲೆಕಾಳಿನ ಕೆಂಪು ರಸ, ಅದರ ಮೇಲೆ ತೇಲುವ ಎಣ್ಣೆ. ಮೀಟಿಂಗಿನಲ್ಲಿ ಚಮಚ ತುಟಿಗೆ ಎರಡಂಗುಲ ದೂರವಿದ್ದಾಗ ಸಾಹೇಬರು, "ನಿಮ್ಮ ಕಡೆ ಇದು ಸಿಗುತ್ತಾ?" ಎಂದರು. ತಿಂದು ಹೇಳಲೋ, ಹೇಳಿ ತಿನ್ನಲೋ? ಬಾಯಿ ತೆರೆದೇ ಇತ್ತು, ಎರಡಕ್ಕೂ ಒದಗಲಿಲ್ಲ. ಚಮಚ ನಡುಗಿತು. ಒಂದು ಕಡಲೆ ಅಂಚಿಗೆ ಬಂದು, ಕೆಳಗೆ ಇಣುಕಿ, ಹಾರಿಯೇಬಿಟ್ಟಿತು. ಬಜೆಟ್ ಹಾಳೆಯ ಮೇಲೆ ಬಿದ್ದು, ಕೆಂಪು ಗೆರೆ ಎಳೆಯುತ್ತ ಆದಾಯದ ಕಾಲಂ ದಾಟಿ, ಖರ್ಚಿನ ಕಾಲಮ್ಮಿನಲ್ಲಿ ದಣಿವಾರಿಸಿಕೊಂಡು, ಮುಂಬಯಿಯಿಂದ ಬಂದಿದ್ದ ಆಡಿಟರ ಮೊಣಕೈಯನ್ನು ಮರ್ಯಾದೆಯಿಂದ ಬಳಸಿ, ಸಾಹೇಬರ ಸಹಿ ಬೀಳಬೇಕಾದ ಜಾಗದಲ್ಲೇ ಹೋಗಿ ಕೂತಿತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ತಲೆಯೆತ್ತಿದರೆ ಯಾರೂ ನೋಡುತ್ತಿಲ್ಲ! ಖಾರಕ್ಕೆ ಎಲ್ಲರ ಮೂಗೂ ಸುರಿಯುತ್ತಿದೆ. ಆಡಿಟರಂತೂ ಕರವಸ್ತ್ರದೊಳಗೆ ಪೂರ್ತಿ ಮುಳುಗಿದ್ದಾರೆ.

ಇದರಿಂದ ಧೈರ್ಯ ಬರಬೇಕಿತ್ತು. ಬರಲಿಲ್ಲ. ಅದಕ್ಕೆ ಕಾರಣ "ಸಂಕೋಚ ಬೇಡ, ತಿನ್ನಿ!" ಎಂದು ಕೂಗುವ ಮಹನೀಯರು. ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದವರೂ ಆಮೇಲೆ ನನ್ನ ಬಾಯಿ ನೋಡತೊಡಗುತ್ತಾರೆ.

ಇತ್ತೀಚೆಗೆ ಆಫೀಸಿಗೆ ಸೇರಿದ ಹುಡುಗಿಯೊಬ್ಬಳು ಊಟದ ಹೊತ್ತಿಗೆ ಮಾಯವಾಗುತ್ತಾಳೆ. ಸೊಕ್ಕು ಎನ್ನುತ್ತಾರೆ. ಅವಳು ಡಬ್ಬಿಯನ್ನು ತೆರೆಯದೆಯೇ ಬ್ಯಾಗಿಗೆ ಸೇರಿಸುವುದನ್ನು ನಾನು ಕಂಡಿದ್ದೇನೆ. ಸಂಜೆಯ ಹೊತ್ತಿಗೆ ಕೀಬೋರ್ಡಿನ ಮೇಲೆ ಅವಳ ಬೆರಳು ಹಸಿವೆಗೆ ತಪ್ಪುತ್ತಿರುತ್ತವೆ; ಅದಕ್ಕೂ ಬೈಗುಳ ಅವಳಿಗೇ. ನನಗೆ ಅದನ್ನು ಕಂಡು ನಗು ಬರುವುದಿಲ್ಲ.

ಹೋದ ವಾರ ಹೊಸ ಆಜ್ಞೆ ಹೊರಟಿತು: ಒಗ್ಗಟ್ಟು ಬೆಳೆಯಲು ಪ್ರತಿ ಶುಕ್ರವಾರ ಎಲ್ಲರಿಗೂ ಕಡ್ಡಾಯ ಸಹಭೋಜನ. ಕೂಡಲೇ 1975ರ ಸಿನಿಮಾ ಮನೆಮನೆಗೆ ತಲುಪಿಸಿದ ಸಂತೋಷಿ ಮಾತೆಯನ್ನು ನೆನೆದು, ಶುಕ್ರವಾರ ನನಗೆ ವ್ರತ, ಹುಳಿ ಮುಟ್ಟುವಂತಿಲ್ಲ ಎಂದು ಗ್ರೂಪಿನಲ್ಲಿ ಹಾಕಿದೆ. ನಿಮಿಷದೊಳಗೆ ಆ ಹುಡುಗಿಯಿಂದಲೂ ಮೆಸೇಜು: ಅವಳಿಗೂ ಅದೇ ವ್ರತ! ಸಾಹೇಬರು ಕೈಮುಗಿದ ಚಿತ್ರದೊಂದಿಗೆ ಉತ್ತರಿಸಿದರು: ವ್ರತದವರಿಗೆ ಹುಳಿಯಿಲ್ಲದ ಅಡುಗೆ ಬೇರೆಯೇ ಮಾಡಿಸಲಾಗುವುದು, ಅವರ ಮೇಜನ್ನು ಎಲ್ಲರಿಗೂ ಕಾಣುವಂತೆ ಹಾಲಿನ ನಟ್ಟನಡುವೆ ಹಾಕಲಾಗುವುದು.